ಎರಡು ತಾಳೆಗಳ ನಡುವೆ

ರವಿಕೆಯ ತೋಳು ಎಲ್ಲೋ ಸಿಕ್ಕಿಕೊಂಡಿತು, ಓ, ಎಲೆಯ ತೊಟ್ಟು, ಅಂಚಿನ ಗರಗಸದಂಥ ಮುಳ್ಳಿಗೆ ನಾನು ದಿನಾ ನೀರುಣಿಸುವ ಮಾಲಿಯೆಂಬ ಮುಲಾಜೂ ಇಲ್ಲ, ಗಾಜಿನ ಮನೆಯೊಳಗೆ ಸೆಕೆ, ಕನ್ನಡಕವೆಲ್ಲ ಮಂಜು, ಎರಡು ಬೀಸಣಿಗೆ ತಾಳೆಗಳು ನಾಲ್ಕಾಗಿ ಕಾಣುತ್ತಿವೆ — ಒಂದನ್ನು ಕಡಿಯಬೇಕಂತೆ, ಎಲೆಗಳು ಸೂರಿನ ಗಾಜಿಗೆ ಒತ್ತುತ್ತಿವೆ, ಮಧ್ಯಾಹ್ನ ಮರ ಕಡಿಯೋರು ಬರ್ತಾರೆ, ಅಷ್ಟರಲ್ಲಿ ಒಂದಕ್ಕೆ ಗುರುತು ಹಾಕಿಡಮ್ಮ, ಯಾವುದಾದ್ರೇನು, ಎರಡೂ ಒಂದೇ ಥರ ಇವೆಯಲ್ಲ, ಎಂದರು ತೋಟದ ಸಾಹೇಬರು. ಒಂದೇ ಥರ. ಅಪ್ಪ ಇಲ್ಲಿ ಮಾಲಿಯಾಗಿದ್ದಾಗ ಅಕ್ಕನಿಗೊಂದು ನನಗೊಂದು ಎಂದು ಒಂದೇ ದಿನ ನೆಟ್ಟದ್ದು, ನಾನು ತೊಟ್ಟಿಲಲ್ಲಿ, ಅಕ್ಕನಿಗೆ ಮೂರು ವರ್ಷ, ಮರುವರ್ಷ ಜ್ವರದಲ್ಲಿ ಹೋದಳು, ನನಗೆ ನೆನಪಿರುವುದು ಅವಳೋ ಅವಳ ಫೋಟೋವೋ — ಎಷ್ಟೋ ವರ್ಷ ಇವು ಮೇಲಕ್ಕೇ ಏಳಲಿಲ್ಲ, ಮೊದಲು ಮಣ್ಣೊಳಗೇ ಬುಡ ದಪ್ಪ ಆಗ್ಬೇಕು ಪುಟ್ಟಿ, ವರ್ಷಕ್ಕೆ ಒಂದೋ ಎರಡೋ ಎಲೆ, ಮಡಚಿದ ಕೊಡೆ ಥರ ಬಂದು ಮೆಲ್ಲಗೆ ಬಿಚ್ಚಿಕೊಳ್ಳುತ್ತೆ, ಹೂ ಬಿಡೋ ತನಕ ಗಂಡೋ ಹೆಣ್ಣೋ ದೇವರಿಗೂ ಗೊತ್ತಿಲ್ಲ, ಎಂದು ಅಪ್ಪ ನಗುತ್ತಿದ್ದ. ಮೂವತ್ತೇಳು ವರ್ಷವಾಯಿತು, ಹೂವಿನ ಸುಳಿವಿಲ್ಲ. ಯಾವುದು ನನ್ನದೆಂದು ಕೇಳಲೇ ಇಲ್ಲ ನೋಡು, ನಾಳೆ ಕೇಳಿದರಾಯಿತು ಎಂದುಕೊಂಡೇ ಕಳೆದೆ, ಈಗ ಅಪ್ಪನಿಗೆ ಊಟ ಮಾಡಿದ್ದೇ ಮರೆತುಹೋಗುತ್ತದೆ.

ಆದರೂ ಕೈಹಿಡಿದು ಕರೆತಂದು ಇಲ್ಲೇ ಬೆಂಚಿನ ಮೇಲೆ ಕೂರಿಸಿದ್ದೇನೆ, ಅಪ್ಪಾ, ಅಕ್ಕಂದು ಯಾವ್ದು? ಎಡಗಡೇದು. ಸರಿಯಾಗಿ ನೋಡಿ ಹೇಳಪ್ಪಾ. ಬಲಗಡೇದು ಕಣೇ. ಅಪ್ಪಾ! ಅಕ್ಕ ಅಂದ್ರೆ ಯಾರು? ಎಂದ ಅಪ್ಪ — ನನ್ನದನ್ನೇ ಕಡಿಸೋಣ, ನಾನು ಹೇಗೂ ಇದ್ದೇನಲ್ಲ, ಆದರೆ ನನ್ನದು ಯಾವುದು, ಕಡಿದದ್ದು ಅವಳದಾಗಿಬಿಟ್ಟರೆ, ಕಣ್ಣು ಮುಚ್ಚಿ ಬಲಗಡೆಯದಕ್ಕೆ ಕೆಂಪು ಬಣ್ಣ ಬಳಿದೆ, ಒಂದೇ ಗೆರೆ. ಅಪ್ಪ ಎದ್ದು ಬಂದ. ಅಯ್ಯೋ, ಮಗೂಗೆ ಗಾಯ ಆಗಿದೆ ಕಣೇ, ಎಂದು ಅಂಗೈಯಿಂದ ಒರೆಸಿದ, ಒರೆಸಿದಷ್ಟೂ ಹರಡಿತು, ಅದೇ ಕೈಯಲ್ಲಿ ಎಡಗಡೆಯದನ್ನೂ ಸವರಿದ, ಎರಡೂ ಕೆಂಪಾದವು, ಇನ್ನು ಗುರುತೆಲ್ಲಿ, ಹೊರಗೆ ಲಾರಿ ನಿಂತ ಸದ್ದು, ಮೇಡಂ, ಯಾವ್ದು ಕಡೀಬೇಕು? ಯಾವ್ದೂ ಇಲ್ಲ, ಹೋಗಿ, ಎಂದುಬಿಟ್ಟಿತು ನನ್ನ ಬಾಯಿ, ಸಾಹೇಬರಿಗೆ ಏನು ಹೇಳಲಿ, ಗಾಜು ಒಡೆದರೆ, ಏನು ಮಾಡಿದೆ ನಾನು — ಅಳಬೇಡ ಮಗು, ಎನ್ನುತ್ತಿದ್ದಾನೆ ಅಪ್ಪ, ನನಗೋ, ಅವಳಿಗೋ, ಕೆನ್ನೆ ಒರೆಸಲು ಕೈ ಚಾಚಿದ್ದಾನೆ, ಬೆರಳು ಬಿಡಿಸಿದ ಕೆಂಪು ಅಂಗೈ, ನನ್ನ ಮುಖದ ಮುಂದೆ ಕೆಂಪು ಅಂಗೈ, ಆ ಅಂಗೈ —