ಶೆಡ್ಡಿನೊಳಗಿನ ಹಾರ್ನ್

ಇದೊಂದನ್ನು ಪೂರ್ತಿ ಕೇಳಿಬಿಡಿ, ಆಮೇಲೆ ಬೈಯಿರಿ. ನಡುವೆ ಎದ್ದು ಹೋದರೆ ನನಗೆ ಇನ್ನೊಮ್ಮೆ ಹೇಳುವ ಧೈರ್ಯ ಬರುವುದಿಲ್ಲ.

ನಮ್ಮ ಬೀದಿಯವರೆಲ್ಲ ಸ್ವಂತ ಗಾಡಿ ಮಾರುವಂತೆ ಮಾಡಿದ್ದು ನಾನೇ. “ದಿನವಿಡೀ ಸುಮ್ಮನೆ ನಿಂತಿರೋ ಕಾರನ್ನ ಯಾಕೆ ಸಾಕ್ಬೇಕು? ಎಲ್ಲರಿಗೂ ಸೇರಿ ಒಂದಿದ್ರೆ ಸಾಲ್ದಾ?” ಅಂತ ಮನೆಮನೆಗೆ ಹೋಗಿ ತಲೆ ತಿಂದಿದ್ದೆ. ಕಂಪನಿಯವರು ಬೀದಿಯ ತುದಿಯಲ್ಲಿ ಹಳದಿ ಗೆರೆ ಎಳೆದು ಎಲ್ಲರಿಗೂ ಸೇರಿದ ನೀಲಿ ಕಾರು ನಿಲ್ಲಿಸಿದ ದಿನ, ಅದರ ಪಕ್ಕ ನಿಂತು ಪಾಠ ಮಾಡಿದ್ದೂ ನಾನೇ. ಫೋನಿನಲ್ಲಿ ಒತ್ತಿದರೆ ಬಾಗಿಲು ತೆರೆಯುತ್ತದೆ. ಕೆಲಸ ಮುಗಿದ ಮೇಲೆ ಗೆರೆಯೊಳಗೇ ತಂದು ಬಿಡಬೇಕು. ಎಲ್ಲಿದೆ ಅಂತ ತಿಳಿಯದಿದ್ದರೆ ಈ ಗುಂಡಿ ಒತ್ತಿ, ಕಾರೇ ಹಾರ್ನ್ ಹೊಡೆದು ಕರೆಯುತ್ತದೆ. ಮಕ್ಕಳು ಅದನ್ನೇ ಒತ್ತಿ ಒತ್ತಿ ಕುಣಿದಿದ್ದರು.

ಎದುರುಮನೆಯ ಟೈಲರಕ್ಕ ಬಟ್ಟೆ ಸಾಗಿಸುವ ತಮ್ಮ ಹಳೇ ವ್ಯಾನ್ ಮಾರಿದ್ದು ನನ್ನ ಮಾತು ನಂಬಿ. ನಮ್ಮಪ್ಪ ಕಾರು ಮಾರಿದ್ದು ನನ್ನ ಕಾಟ ತಡೆಯಲಾರದೆ.

ಅಪ್ಪ ಡ್ರೈವಿಂಗ್ ಸ್ಕೂಲ್ ಮೇಷ್ಟ್ರಾಗಿದ್ದವರು. ಟೈಲರಕ್ಕನೂ ಸೇರಿ ಅರ್ಧ ಬೀದಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವರು. ಕಾರು ಹೋದ ಮೇಲೆ ಖಾಲಿ ಶೆಡ್ಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂರುವುದೇ ಅವರ ಕೆಲಸವಾಯಿತು. ಊಟಕ್ಕೆ ಕರೆದರೆ ‘ಹೂಂ’ ಅನ್ನುತ್ತಿದ್ದರು, ಏಳುತ್ತಿರಲಿಲ್ಲ. ಹೀಗಿರುವಾಗ ಒಂದು ಸಂಜೆ ನೀಲಿ ಕಾರು ಓಡಿಸಿಕೊಂಡು ಬಂದವರು ಹಳದಿ ಗೆರೆ ದಾಟಿ ನೇರ ನಮ್ಮ ಶೆಡ್ಡಿಗೇ ನುಗ್ಗಿಸಿದರು. ಶಟರ್ ಎಳೆದು ಬೀಗ ಜಡಿದರು.

“ಅಪ್ಪಾ, ಅದು ಎಲ್ಲರ ಕಾರು.”

“ಎಲ್ಲರದೇ ಕಣೋ, ನಾನೇನು ನುಂಗ್ತೀನಾ? ಎಲ್ಲರದು ಅಂದ್ರೆ ಯಾರೂ ನೋಡ್ಕೊಳ್ಳಲ್ಲ. ಮೈಮೇಲೆಲ್ಲ ಹಕ್ಕಿ ಗಲೀಜು. ಬೆಳಿಗ್ಗೆ ಬೇಗ ಹೊರಗಿಡ್ತೀನಿ ಬಿಡು.”

ಇಟ್ಟರು ಕೂಡ. ಸಂಜೆ ಮತ್ತೆ ಒಳಗೆ. ಗಾಜು ಒರೆಸಿದರು, ತಮ್ಮ ಬೆನ್ನಿನ ದಿಂಬನ್ನು ಸೀಟಿಗೆ ಕಟ್ಟಿದರು, ಊಟಕ್ಕೆ ಕೂತು ಅಮ್ಮನನ್ನು ರೇಗಿಸಿದರು. ಅಮ್ಮ ನಕ್ಕಿದ್ದು ಕೇಳಿಸಿತು. ತಪ್ಪು ಅಂತ ಗೊತ್ತಿದ್ದೂ ನಾನು ಬಾಯಿ ಮುಚ್ಚಿಕೊಂಡೆ. ಕಾರು ಹೊರಗೆ ಬರುವ ಹೊತ್ತು ದಿನದಿನಕ್ಕೆ ಜಾರುತ್ತ ಹೋಯಿತು.

ಇವತ್ತು ಬೀದಿಯ ಅಂಗಡಿಗಳೆಲ್ಲ ತೆರೆದರೂ ಅದು ಒಳಗೇ ಇತ್ತು. ಟೈಲರಕ್ಕ ಹ್ಯಾಂಗರಿನ ಸಮೇತ ಬಟ್ಟೆಗಳನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಗೇಟಿಗೆ ಬಂದರು. ಆಸ್ಪತ್ರೆಯ ಸಮವಸ್ತ್ರಕ್ಕೆ ಮಾದರಿ ತೋರಿಸುವ ದಿನ. ಆ ಆರ್ಡರ್ ಸಿಕ್ಕರೆ ವರ್ಷವಿಡೀ ಹೊಲಿಗೆ, ಹನ್ನೊಂದರೊಳಗೆ ತಲುಪದಿದ್ದರೆ ಬೇರೆಯವರಿಗೆ.

“ಲೋ, ನಿನ್ನ ನೀಲಿ ಕುದುರೆ ಎಲ್ಲೋ? ಫೋನಲ್ಲಿ ನಿಮ್ಮನೆ ಹತ್ರಾನೇ ಚುಕ್ಕಿ ತೋರಿಸ್ತಿದೆ. ಬಂದು ನೋಡಿದ್ರೆ ನಾಯಿ ಮಲಗಿದೆ.”

ಅಪ್ಪ ಬಾಗಿಲಲ್ಲಿ ನಿಂತಿದ್ದರು. ಅವರ ಮುಖ ನೋಡಿದೆ.

“ಮ್ಯಾಪ್ ಒಂದೊಂದ್ಸಲ ತಪ್ಪು ತೋರಿಸುತ್ತೆ ಅಕ್ಕ,” ಅಂದೆ. “ಹಿಂದಿನ ಬೀದೀಲಿ ಇರಬಹುದು.”

ಅಕ್ಕ ಆ ಬಟ್ಟೆ ಹೊತ್ತುಕೊಂಡೇ ಹಿಂದಿನ ಬೀದಿಗೆ ಓಡಿದರು. ಬೆವರು ಸುರಿಸುತ್ತ ವಾಪಸು ಬಂದರು.

“ಇಲ್ಲ ಕಣೋ. ಟ್ಯಾಕ್ಸಿ ಬರೋಕೆ ಮುಕ್ಕಾಲು ಗಂಟೆ ಅಂತೆ.” ಆಮೇಲೆ ಅಪ್ಪನ ಕಡೆ ತಿರುಗಿದರು. “ಹಾರ್ನ್ ಕಟ್ಟಕಡೇಲಿ ಒತ್ಬೇಕು ಅಂತ ಹೇಳಿಕೊಟ್ಟಿದ್ದು ನೀವೇ ಅಲ್ವಾ ಮೇಷ್ಟ್ರೇ? ನೋಡಿ, ಕಟ್ಟಕಡೇನೇ ಬಂತು.”

ಫೋನಿನ ಹಾರ್ನ್ ಗುಂಡಿ ಒತ್ತಿದರು. ನಮ್ಮ ಶೆಡ್ಡು ಕೂಗಿಕೊಂಡಿತು. ತಗಡಿನ ಶಟರ್ ಗಡಗಡ ನಡುಗಿತು, ನಾಯಿ ಎದ್ದು ಓಡಿತು, ಮೂಲೆಯಂಗಡಿಯ ಕ್ಷೌರಿಕ ಬಾಚಣಿಗೆ ಹಿಡಿದೇ ಹೊರಗೆ ಬಂದ.

“ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಲ್ಲಿ ಬಿತ್ತಲ್ಲಪ್ಪಾ,” ಅಂದ, ನನ್ನನ್ನೇ ನೋಡಿ.

ಅಪ್ಪ ಬೀಗ ತೆಗೆಯಲು ಹೋದರು. ಶಟರ್ ಮೇಲೆದ್ದ ಮೇಲೆ ಹೇಳಿದರು: “ನಂದೇ ತಪ್ಪಮ್ಮ. ಇವನಿಗೆ ಏನೂ ಗೊತ್ತಿರ್ಲಿಲ್ಲ. ಇವನನ್ನ ಏನೂ ಅನ್ಬೇಡ.”

ಟೈಲರಕ್ಕ ನನ್ನ ಕಡೆ ತಿರುಗಿದರು. “ಹೌದೇನೋ?”

ನಾನು ನೆಲ ನೋಡಿದೆ.

ಅಕ್ಕ ಬೈಯಲಿಲ್ಲ. ಸೀಟಿಗೆ ಕಟ್ಟಿದ್ದ ದಿಂಬು ಬಿಚ್ಚಿ ಅಪ್ಪನ ಕೈಗಿಟ್ಟರು. “ಕನ್ನಡಿ ನಿಮ್ಮ ಎತ್ತರಕ್ಕಿದೆ ಮೇಷ್ಟ್ರೇ,” ಅನ್ನುತ್ತ ಅದನ್ನು ಸರಿಮಾಡಿಕೊಂಡು ಹೊರಟರು.

ಮಧ್ಯಾಹ್ನ ಕಾರು ಹಳದಿ ಗೆರೆಯೊಳಗೆ ಅಚ್ಚುಕಟ್ಟಾಗಿ ಬಂದು ನಿಂತಿತು. ಬಟ್ಟೆಗಳು ಹೋದ ಹಾಗೇ ಹೆಗಲ ಮೇಲೆ ವಾಪಸು ಬಂದಿದ್ದವು. ಅಕ್ಕ ತಲುಪುವಷ್ಟರಲ್ಲಿ ಹನ್ನೊಂದು ದಾಟಿ, ಆರ್ಡರ್ ಬೇರೆಯವರ ಪಾಲಾಗಿತ್ತು. ದಾರಿಯಲ್ಲಿ ನಿಂತಿದ್ದ ನನ್ನ ಬೆನ್ನು ತಟ್ಟಿ ಅಕ್ಕ, “ನೀನ್ಯಾಕೋ ಹೀಗೆ ಮುಖ ಇಳಿಬಿಟ್ಟಿದ್ದೀಯ? ನಿನಗೇನು ಗೊತ್ತಿತ್ತು ಪಾಪ,” ಅಂದರು. ಅವರೇ ನನಗೆ ಸಮಾಧಾನ ಹೇಳಿದರು. ಆಗಲೂ ನಾನು ಹೌದೆನ್ನುವಂತೆ ತಲೆಯಾಡಿಸಿದೆ.

ಈಗ ಅಪ್ಪ ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಒಳಕೋಣೆಯಲ್ಲಿ ಕೂತಿದ್ದಾರೆ. ಸಂಜೆ ಕಾರಿನ ವಿಷಯ ಮಾತಾಡಲು ಬೀದಿಯವರು ಸೇರುತ್ತಾರೆ, ಯಥಾಪ್ರಕಾರ ಮಾತು ಶುರು ಮಾಡಬೇಕಾದವನು ನಾನೇ. “ನೀನು ಬಾಯಿ ಬಿಡಬೇಡ,” ಅಂದಿದ್ದಾರೆ ಅಪ್ಪ. “ನನ್ನ ಮರ್ಯಾದೆ ಹೇಗೂ ಹೋಯ್ತು. ನಿನ್ನದಾದ್ರೂ ಉಳೀಲಿ.” ನಿಜ ಹೇಳಿದರೆ ಅವರು ನನಗಾಗಿ ಹೇಳಿದ ಸುಳ್ಳೂ ಬಯಲಾಗುತ್ತದೆ. ಹೇಳದಿದ್ದರೆ ಟೈಲರಕ್ಕನ ಮುಖ ನಾನು ನೋಡಲಾರೆ.

ಸಂಜೆಯ ಮಾತು ಹಾಗಿರಲಿ. ಶಟರ್ ಮೇಲೆದ್ದ ಆ ಹೊತ್ತಿನಲ್ಲಿ, ಅಪ್ಪ ಹಾಗೆಂದ ಮೇಲೆ, ಅಕ್ಕ ತಿರುಗಿ “ಹೌದೇನೋ?” ಅಂತ ಕೇಳಿದಾಗ, ನನ್ನ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?