ಬಾವಿಯ ಪಕ್ಕದ ಕಪ್ಪು ಮಣ್ಣು

ಈ ಕಥೆಯನ್ನು ಮೊದಲು ಹೇಳಿದವಳು ಕಲ್ಲಿದ್ದಲು ಗಣಿಯ ಹತ್ತಿರದ ಬೀದಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸು. ಹೇಳಿದ್ದು ಕಳೆದ ಮಳೆಗಾಲದ ಆರಂಭದಲ್ಲಿ, ಮಹಿಳಾ ಸಂಘದ ಸಭೆಯಲ್ಲಿ. ಅವಳು ಹೇಳಿದ ಕ್ರಮದಲ್ಲೇ ಇಲ್ಲಿ ಬರೆದಿದೆ.

ಹೊಲಿಗೆಯವಳ ಪಕ್ಕದ ಮನೆಯಲ್ಲಿ ಸಸಿ ಬೆಳೆಸಿ ಮಾರುವ ಹೆಂಗಸು ಮತ್ತು ಗಣಿಯಲ್ಲಿ ಲಾರಿ ಓಡಿಸುವ ಅವಳ ಗಂಡ ಇದ್ದರು. ಎರಡೂ ಮನೆಗಳಿಗೆ ಕುಡಿಯುವ ನೀರು ಹಿತ್ತಲಿನ ಒಂದೇ ಬಾವಿಯದು. ಒಂದು ದಿನ ಗಂಡ ಒಂದು ಲಾರಿ ಕಪ್ಪು ಮಣ್ಣು ತಂದು ಬಾವಿಯ ಪಕ್ಕದಲ್ಲೇ ಸುರಿದ. ಕಲ್ಲಿದ್ದಲನ್ನು ಮುಟ್ಟಲು ಅದರ ಮೇಲಿರುವ ಮಣ್ಣು, ಬಂಡೆಗಳನ್ನೆಲ್ಲ ಅಗೆದು ಗುಡ್ಡ ಹಾಕುತ್ತಾರಲ್ಲ, ಅಲ್ಲಿಯ ಮಣ್ಣು ಅದು.

"ನೋಡೇ, ಎಣ್ಣೆ ಹಚ್ಚಿದ ಹಾಗೆ ಹೊಳೀತಿದೆ! ಇದರಲ್ಲಿ ಕೊಡೆ ನೆಟ್ಟರೂ ಚಿಗುರುತ್ತೆ," ಎಂದ.

ಹೆಂಡತಿಯ ತಂಗಿ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಅಂದು ಅಕ್ಕನ ಮನೆಗೆ ಬಂದವಳು ಒಂದು ಹಿಡಿ ಮಣ್ಣನ್ನು ಒದ್ದೆ ಮಾಡಿ ಉಂಡೆ ಕಟ್ಟಲು ನೋಡಿದಳು. ಅದು ಚಕ್ಕೆ ಚಕ್ಕೆಯಾಗಿ ಉದುರಿತು.

"ಭಾವ, ಇದು ಪುಡಿಯಾದ ಬಂಡೆ. ನೀರನ್ನ ಹಿಡಿದಿಟ್ಟುಕೊಳ್ಳಲ್ಲ. ಕಪ್ಪಗಿರೋದು ಕಲ್ಲಿದ್ದಲಿನ ಚೂರಿನಿಂದ, ಗೊಬ್ಬರದಿಂದಲ್ಲ. ಈ ಹಳದಿ ಮಿನುಗು ನೋಡಿ, ಗಂಧಕ ಇರೋ ಖನಿಜ."

"ಅಯ್ಯೋ, ಚಿನ್ನ ಅಂದ್ಕೊಂಡು ನಿಮ್ಮಕ್ಕನಿಗೆ ಬಳೆ ಮಾಡಿಸೋಣ ಅಂತಿದ್ದೆ!"

"ಮದುವೆ ಆದಾಗಿಂದ ಆ ಬಳೆ ಕಥೆ ಕೇಳ್ತಾನೇ ಇದ್ದೀನಿ," ಎಂದಳು ಹೆಂಡತಿ.

ತಂಗಿ ಮಣ್ಣನ್ನು ನೀರಿನಲ್ಲಿ ಕದಡಿ, ಹುಳಿ ಇದ್ದರೆ ಕೆಂಪಾಗುವ ನೀಲಿ ಕಾಗದವನ್ನು ಅದ್ದಿದಳು. ಕಾಗದ ನೀಲಿಯಾಗಿಯೇ ಉಳಿಯಿತು.

"ನಿನ್ನ ಕಾಗದಾನೂ ನನಗೇ ವೋಟು ಹಾಕ್ತಲ್ಲಮ್ಮ!" ಎಂದು ಭಾವ ಚಪ್ಪಾಳೆ ತಟ್ಟಿದ.

"ಇದನ್ನ ಅಗೆದಿದ್ದು ಯಾವಾಗ ಭಾವ?"

"ನಿನ್ನೆ."

"ಹಾಗಾದ್ರೆ ಗಣಿಯ ಹಳೇ ಮಣ್ಣುಗುಡ್ಡದ ಬುಡಕ್ಕೆ ಹೋಗೋಣ, ನಡೀರಿ."

ಮೂವರೂ ಹೋದರು. ಅಲ್ಲಿ ಚರಂಡಿಯ ನೀರು ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಅಂಚಿನಲ್ಲಿ ಒಂದು ಎಸಳು ಹುಲ್ಲೂ ಇರಲಿಲ್ಲ. ಅದ್ದಿದ ಕೂಡಲೇ ಕಾಗದ ಕೆಂಪಾಯಿತು. ಭಾವನ ನಗು ನಿಂತಿತು.

"ಈ ಗುಡ್ಡಾನೂ ಹೊಸದಾಗಿದ್ದಾಗ ನಿಮ್ಮ ಮಣ್ಣಿನ ಹಾಗೇ ಇತ್ತು. ಗಾಳಿ, ಮಳೆ ತಾಗ್ತಾ ತಾಗ್ತಾ ಆ ಖನಿಜದಿಂದ ಆಮ್ಲ ಹುಟ್ಟುತ್ತೆ. ಅದು ಬಂಡೆಯೊಳಗಿನ ಲೋಹಾನೂ ಕರಗಿಸಿ ನೀರಿಗೆ ಬಿಡುತ್ತೆ. ಎಲ್ಲಾ ಗಣೀಲೂ ಹೀಗಾಗುತ್ತೆ ಅಂತಲ್ಲ. ಆದ್ರೆ ಪೂರ್ತಿ ಪರೀಕ್ಷೆ ಮಾಡಿಸದೆ ಕುಡಿಯೋ ನೀರಿನ ಹತ್ರ ಹಾಕೋದೇ?"

"ಹಾಗಾದ್ರೆ ಒಳ್ಳೇ ಮಣ್ಣೆಲ್ಲ ಎಲ್ಲಿ ಹೋಯ್ತು?" ಎಂದು ಹೆಂಡತಿ ಕೇಳಿದಳು.

ಉತ್ತರ ಗಂಡನಿಂದಲೇ ಬಂತು. "ಮೇಲಿನ ಮಣ್ಣು ಮೊದಲು ತೆಗೀತೀವಿ, ಮೊದಲು ಸುರೀತೀವಿ. ಅದು ಈ ಗುಡ್ಡದ ಅಡೀಲಿದೆ ಕಣೇ. ಆಳದ ಬಂಡೆಯೆಲ್ಲ ಮೇಲೆ ಬಂದು ಕೂತಿದೆ."

ಮೋಡ ಕಟ್ಟುತ್ತಿತ್ತು. ಮನೆಗೆ ಬಂದವರೇ ಹೊಲಿಗೆಯವಳನ್ನೂ ಕರೆದುಕೊಂಡು, ಮಳೆಗೆ ಮುಂಚೆ ಮಣ್ಣನ್ನೆಲ್ಲ ಲಾರಿಗೆ ತುಂಬಿ ಗಣಿಗೇ ಹಿಂದಿರುಗಿಸಿದರು. ಬಾವಿಯ ಸುತ್ತ ಚೂರೂ ಉಳಿಯದಂತೆ ಗುಡಿಸಿದರು. ಮರುದಿನ ಗಂಡ, ಇನ್ನು ಮುಂದೆ ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿ, ಕೊನೆಗೆ ಗುಡ್ಡದ ಮೇಲೆ ಹರಡಬೇಕೆಂದು ಮೇಲ್ವಿಚಾರಕನ ಮುಂದೆ ನಿಂತು ಕೇಳಿದ.

ಇಷ್ಟು ಹೇಳಿ ಹೊಲಿಗೆಯವಳು ಎದುರಿಗಿದ್ದವರತ್ತ ತಿರುಗಿದಳು. "ಅಕ್ಕಂದಿರೇ, ಕಪ್ಪಗಿದೆ ಅಂತ ಗಣಿ ಮಣ್ಣನ್ನ ನಂಬಬೇಡಿ. ಬಾವಿ, ಕೆರೆ, ಕೈತೋಟದ ಹತ್ರ ಸುರೀಬೇಡಿ. ಇವತ್ತು ಹುಳಿ ಇಲ್ಲ ಅಂದ್ರೆ ನಾಳೇನೂ ಇರಲ್ಲ ಅಂತಲ್ಲ. ಗಂಧಕ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ. ಮೇಲ್ಮಣ್ಣು ಬೇರೆ ಇಡಿ ಅಂತ ಗಣಿಯವರನ್ನ ಕೇಳಿ. ನೀರು ಕುಡಿಯೋರು ನಾವು, ನಾವೇ ಕೇಳಬೇಕು."

ಹಿಂದಿನ ಸಾಲಿನಲ್ಲಿ ಒಬ್ಬಳು ಸೆರಗು ಬಿಗಿದು ಎದ್ದಳು. "ನಮ್ಮನೆಯವರು ನಿನ್ನೆ ತಾನೇ ಒಂದು ಗಾಡಿ ಗಣಿ ಮಣ್ಣು ತಂದು ಹಾಕಿದ್ದಾರೆ ಕಣ್ರೇ."

"ನಡಿ, ಮಳೆಗೆ ಮುಂಚೆ ತೆಗೆಯೋಣ, ನಾನೂ ಬರ್ತೀನಿ," ಎಂದಳು ಪಕ್ಕದವಳು.

ಉಳಿದವರು ಚಾಪೆ ಮಡಚಿಟ್ಟು ತಂತಮ್ಮ ಮನೆಗೆ ಹೊರಟರು.