ಬಲಗಡೆಯ ಸೀಟು

“ಸೊಂಟದ ಕೆಳಗ ಕೈ ಕೊಡು, ಮಗಳ. ನಾ ಸೀರಿ ಈ ಕಡೆ ಎಳಕೋತೀನಿ,” ಎಂದರು ದಾಕ್ಷಾಯಣಿ.

ನಿಧಿ ಅಮ್ಮನ ಬೆನ್ನಿನವರೆಗೆ ಒಯ್ದ ಕೈಯನ್ನು ಅಲ್ಲೇ ನಿಲ್ಲಿಸಿದಳು. ಕಳೆದ ಕೆಲವು ತಿಂಗಳಿಂದ ಆ ಜಾಗಕ್ಕೆ ಬೆರಳು ತಾಗಿದರೂ ಲೀಲಾವತಿ ತುಟಿ ಕಚ್ಚುತ್ತಿದ್ದಳು. ಮನೆಗೆ ಬರುತ್ತಿದ್ದ ನರ್ಸ್ ಚಾದರ ಬದಲಿಸುವಾಗ ಮೊದಲು ‘ಸಾರಿ’ ಎಂದು, ಆಮೇಲೆ ಮುಟ್ಟುತ್ತಿದ್ದಳು.

“ಇನ್ನ ನೋಯಂಗಿಲ್ಲವ್ವಾ. ಎತ್ತು.”

ನಿಧಿ ಎತ್ತಿದಳು. ಎತ್ತಿದ್ದೇ ಗೊತ್ತಾಗದಷ್ಟು ಹಗುರ. ಫ್ಯೂನರಲ್ ಹೋಮ್‌ನ ಆ ಕೋಣೆ ಹಾಲಿನ ಫ್ರಿಜ್ಜಿನಂತೆ ತಣ್ಣಗಿತ್ತು. ಹೊರಗೆ ಆಗಸ್ಟಿನ ಬಿಸಿಲು ಕಿಟಕಿಯ ಗಾಜನ್ನು ಸುಡುತ್ತಿತ್ತು. ದಾಕ್ಷಾಯಣಿ ಹಸಿರು ಇಳಕಲ್ ಸೀರೆಯ ನಿರಿಗೆ ಹಿಡಿದು, ಟೋಪಸೆರಗನ್ನು ಗೆಳತಿಯ ಎದೆಯ ಮೇಲೆ ಹರಡಿ, ಅಂಗೈಯಿಂದ ತೀಡಿದರು. ಮೂರು ತಾಸಿನ ದಾರಿಯ ಶುಗರ್ ಲ್ಯಾಂಡ್‌ನಿಂದ ಅವರು ಗಂಡನೊಡನೆ ಹೊರಟಾಗ ಇನ್ನೂ ಬೆಳಕು ಹರಿದಿರಲಿಲ್ಲ.

“ಅಪ್ಪ ಎಲ್ಲಿ?”

“ಪಾರ್ಕಿಂಗ್‌ನಾಗ. ಗಾಡಿ ಒರಸಾಕ ಹತ್ಯಾರ.”

“ಇವತ್ತಾ? ಸೀರಿಯಸ್ಲಿ, ಆಂಟಿ?”

“ಗಂಡಸರಿಗೆ ಅಳಾಕ ಕೈಯಾಗ ಏನಾರ ಒಂದು ಬೇಕಾಗತೈತಿ. ಬಿಡು.”

ಪಾರ್ಕಿಂಗ್ ಲಾಟಿನಲ್ಲಿ ಬಸವರಾಜ ಮೆತ್ತನೆಯ ಬಟ್ಟೆಯಿಂದ ಕಡುನೀಲಿ ಬಣ್ಣದ ಹಳೆಯ ಶೆವೆಲ್ ಕಾರಿನ ಬಾನೆಟ್ ಒರೆಸುತ್ತಿದ್ದ. ದಾಕ್ಷಾಯಣಿಯ ಗಂಡ ಚನ್ನಬಸಪ್ಪ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದರು.

“ಬಸು, ಮನ್ಯಾಗ ಇನ್ನೊಂದು ಗಾಡಿ ಇತ್ತಲ್ಲೋ. ಮದುವಿ ದಿಬ್ಬಣಕ್ಕ ತಂದಂಗ ಇದನ್ನ ತಂದಿ.”

“ಇದರಾಗ ಆಕಿಗೆ ಆರಾಮ ಇತ್ತಣ್ಣ.” ಬಸವರಾಜ ಒರೆಸುವುದನ್ನು ನಿಲ್ಲಿಸಲಿಲ್ಲ. “ಕಡೇ ಸಲ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎಲ್ಲಾ ಬದಲ ಮಾಡಿದ್ನಲ್ಲ, ಆವಾಗಿಂದ ಬೆನ್ನು ಹಗುರ ಆಗಿತ್ತು. ಆಕೀನ ಹೇಳಿದ್ಲು. ದಾಕ್ಷಾಯಣಿ ವೈನಿಗೂ ಹೇಳಿರಬೇಕಲ್ಲ?”

ಬಂದವರಿಗೆಲ್ಲ ಅವನು ಬೆಳಗಿನಿಂದ ಇದನ್ನೇ ಹೇಳುತ್ತಿದ್ದ. ಹೇಳಿ, ಎದುರಿನವರ ತಲೆ ಅಲ್ಲಾಡುವ ತನಕ ಮುಖ ನೋಡುತ್ತ ನಿಲ್ಲುತ್ತಿದ್ದ. ಚನ್ನಬಸಪ್ಪ ತಲೆ ಅಲ್ಲಾಡಿಸಿದರು.

*

ಆ ಗಾಡಿ ಮನೆಗೆ ಬಂದದ್ದು ನಿಧಿ ಕೆಲಸ ಸಿಕ್ಕು ಡ್ಯಾಲಸ್ ಬಳಿಯ ಅಲೆನ್‌ಗೆ ಹೋದ ವರ್ಷ. ಅಮೆರಿಕಕ್ಕೆ ಓದಲು ಬಂದ ಹೊಸದರಲ್ಲಿ ಬಸ್ಸಿಗೆ ಕಾಯುತ್ತಿದ್ದ ಬಸವರಾಜನ ಮುಂದೆ ಅಂಥದೊಂದು ಕಾರು ನೆಲ ನಡುಗಿಸುತ್ತ ಹಾದುಹೋಗಿತ್ತಂತೆ. ಆ ಸದ್ದು ಅವನೊಳಗೆ ಹಾಗೇ ಉಳಿದಿತ್ತು. ಚಿಪ್ ಕಂಪನಿಯ ಕೆಲಸ, ಮನೆಯ ಸಾಲ, ಮಗಳ ಕಾಲೇಜು, ಎಲ್ಲ ಮುಗಿದ ಮೇಲೆ ಅವನು ಅದನ್ನು ಹುಡುಕಿ ತಂದು ಗರಾಜಿನಲ್ಲಿ ನಿಲ್ಲಿಸಿದ.

ಹಳೆಯ ಗಾಡಿಗಳ ಗೆಳೆಯರು ಹೇಳಿದಂತೆ ಮೊದಲು ಗಟ್ಟಿ ಸ್ಪ್ರಿಂಗ್ ಹಾಕಿ ಗಾಡಿಯನ್ನು ನೆಲಕ್ಕೆ ಇಳಿಸಿದ. ತಿರುವಿನಲ್ಲಿ ವಾಲಬಾರದು ಎನ್ನುವುದೊಂದೇ ಅವನ ಲೆಕ್ಕ. ಆ ಗಾಡಿಯಲ್ಲಿ ಮೊದಲ ಸಲ ಶುಗರ್ ಲ್ಯಾಂಡ್‌ಗೆ ದಾಕ್ಷಾಯಣಿಯ ಮನೆಯ ಪೂಜೆಗೆ ಹೋದ ದಿನ ಲೀಲಾವತಿ ಇಳಿದವಳು ಬಾಗಿಲು ಹಿಡಿದು ನಿಂತುಬಿಟ್ಟಳು.

“ಯಾಕ, ಏನಾತು?”

“ಬೆನ್ನು ಹಿಡೀತು ನೋಡ್ರಿ. ನಮ್ಮಪ್ಪನ ಚಕ್ಕಡಿನ ಇದಕ್ಕಿಂತ ಚಲೋ ಇತ್ತು.”

ಎಲ್ಲರೂ ನಕ್ಕರು. ಬಸವರಾಜ ನಗಲಿಲ್ಲ. ಮರುದಿನ ಸಂಜೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು, “ಲೀಲಾ, ಬಾ ಇಲ್ಲೆ. ನಿನಗ ಯಾವದು ಬೇಕು ಹೇಳು,” ಎಂದು ಕರೆದ.

ಅವಳು ಒದ್ದೆ ಕೈಯಲ್ಲೇ ಬಂದು ನಿಂತಳು. ನಿನಗೆ ಯಾವುದು ಬೇಕು ಎಂಬ ಮಾತನ್ನು ಗಂಡನ ಬಾಯಲ್ಲಿ ಅವಳು ಕೇಳಿದ್ದು ನೆನಪಿರಲಿಲ್ಲ. ಆಸ್ಟಿನ್‌ಗೆ ಬಂದದ್ದು ಅವನು ಕೆಲಸ ಬದಲಿಸಿದ್ದರಿಂದ. ಅಲ್ಲೇ ಹತ್ತಿರದ ಫ್ಲೂಗರ್‌ವಿಲ್‌ನ ಮನೆ ಅವನು ನೋಡಿ ಒಪ್ಪಿದ್ದು. ಗೋಡೆಯ ಬಣ್ಣವೂ ಅಷ್ಟೆ. ಅವನು ಕೆಟ್ಟವನಲ್ಲ. ಕೇಳಬಾರದೆಂಬ ಹಟವೂ ಅವನಿಗಿರಲಿಲ್ಲ. ಕೇಳಬೇಕೆಂಬುದು ಹೊಳೆಯುತ್ತಲೇ ಇರಲಿಲ್ಲ.

“ಇವು ಗಟ್ಟಿ ಸ್ಪ್ರಿಂಗು. ಗಾಡಿ ರಸ್ತಾಕ್ಕ ಅಂಟಿಕೊಂಡು ಹೋಗತೈತಿ, ಆದ್ರ ಕುಂತವರ ಎಲುಬು ಮುರೀತಾವು. ಇವು ಮೆತ್ತನ್ನೂವು. ಮನಿಯಾಗ ಕುಂತಂಗ ಇರತೈತಿ, ಆದ್ರ ತಿರುವಿನ್ಯಾಗ ದೋಣಿ ಆಗತೈತಿ. ನಡುವಿಂದು ಬೇಕಂದ್ರ ಈ ಶಾಕ್ ನೋಡು. ಇಲ್ಲೊಂದು ಗುಂಡಿ ಐತಿ. ತಿರುವಿದ್ರ ಬಿಗಿ, ಹಿಂದಕ ತಿರುವಿದ್ರ ಸಡಿಲ.”

“ಈ ಗುಂಡಿ ನಿಮಗೂ ಒಂದು ಇದ್ದಿದ್ರ ಚಲೋ ಆಗತಿತ್ತು.”

ಅವನು ತಿರುಗಿ ನೋಡಿದ. ಆಮೇಲೆ ಜೋರಾಗಿ ನಕ್ಕ. ಕುರ್ಚಿ ಎಳೆದು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡ. ಒಲೆಯ ಮೇಲಿನ ಸಾರು ಕುದಿದು ಉಕ್ಕಿದರೂ ಇಬ್ಬರೂ ಏಳಲಿಲ್ಲ. ಅವಳು ಮೆತ್ತನೆಯ ಸ್ಪ್ರಿಂಗ್ ಆರಿಸಿದಳು.

ಅಲ್ಲಿಂದ ಭಾನುವಾರಗಳು ಶುರುವಾದವು. ಬೆಳಿಗ್ಗೆ ಗರಾಜಿನಲ್ಲಿ ಅವನು ಗಾಡಿಯ ಕೆಳಗೆ ಮಲಗಿರುತ್ತಿದ್ದ, ಅವಳು ಬಾಗಿಲ ಮೆಟ್ಟಿಲ ಮೇಲೆ ಚಹಾ ಹಿಡಿದು ಕೂರುತ್ತಿದ್ದಳು. ಮಧ್ಯಾಹ್ನ ಇಬ್ಬರೂ ಊರಾಚೆಯ ರಸ್ತೆಗೆ ಹೋಗುತ್ತಿದ್ದರು. ಅಲ್ಲಿಯದು ತಮ್ಮೂರು ನವಲಗುಂದದಂಥದೇ ಕಪ್ಪು ಎರೆಮಣ್ಣು; ಬೇಸಿಗೆಗೆ ಬಿರಿದು, ಮಳೆಗೆ ಉಬ್ಬಿ, ಮೇಲಿನ ಡಾಂಬರನ್ನು ಅಲೆಯಂತೆ ಎಬ್ಬಿಸಿಬಿಡುತ್ತಿತ್ತು. ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ ಎನ್ನುತ್ತಿದ್ದ ಬಸವರಾಜ. ಪ್ರತಿ ಉಬ್ಬು ದಾಟಿದ ಮೇಲೂ ಕೇಳುತ್ತಿದ್ದ:

“ಹೆಂಗೈತಿ?”

“ಅಡ್ಡಿಯಿಲ್ಲ. ಮೊದಲಿನಕಿಂತ ಭಾಳ ಚಲೋ.”

ನೋವು ಮೊದಲಿನಷ್ಟೇ ಇತ್ತು. ಅಡುಗೆಮನೆಯಲ್ಲಿ ನಿಂತಾಗ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಗಾಡಿ ಗರಾಜಿನಲ್ಲಿ ತಣ್ಣಗೆ ನಿಂತಿದ್ದಾಗಲೂ ಇತ್ತು. ವಯಸ್ಸಾಯಿತು ಎಂದುಕೊಂಡಳು. ಪರ್ಸಿನಲ್ಲಿ ನೋವಿನ ಗುಳಿಗೆ ಇಟ್ಟುಕೊಂಡಳು. ಒಮ್ಮೆ ಬಸವರಾಜನೇ, “ಡಾಕ್ಟರಿಗೆ ತೋರಸೂಣೇನು?” ಎಂದಿದ್ದ.

“ನಿಮ್ಮ ಗಾಡೀದು ತಪ್ಪು, ನನ್ನನ್ನ ಯಾಕ ತೋರಸ್ತೀರಿ?” ಎಂದು ನಕ್ಕಳು ಅವಳು.

ಅವನಿಗೆ ಆ ಮಾತು ಹಿಡಿಸಿತು. ಗಾಡಿಯ ತಪ್ಪಾದರೆ ಅವನು ಸರಿಮಾಡಬಲ್ಲ. ಚಕ್ರದ ಕೀಲುಗಳೊಳಗಿನ ಗಟ್ಟಿ ಬುಷ್ ಬಳೆ ತೆಗೆದು ರಬ್ಬರಿನದು ಹಾಕಿದ. ಅವಳು ಕೂರುವ ಕಡೆಯ ಬಾಗಿಲಿಗೂ ಸೀಟಿಗೂ ಹೊಸ ರೆಕ್ಸಿನ್ ಹೊದಿಸಿದ. ಅವಳಿಗೂ ಹಿಡಿಸಿತು. ಡಾಕ್ಟರ ಹತ್ತಿರ ಹೋದರೆ ನೋವು ಅವಳೊಬ್ಬಳದಾಗುತ್ತಿತ್ತು. ಗಾಡಿಯಲ್ಲಿದ್ದರೆ ಅದು ಇಬ್ಬರದೂ.

*

“ಮಲಗಿಸಿ ಒಯ್ಯೂದು ನಮ್ಮೊಳಗ ಇಲ್ಲ,” ಎಂದರು ಚನ್ನಬಸಪ್ಪ. ಎಲ್ಲರೂ ಒಳಗೆ ಪೆಟ್ಟಿಗೆಯ ಸುತ್ತ ನಿಂತಿದ್ದರು. “ಊರಾಗಿದ್ರ ಕೂಡ್ರಿಸಿ, ಹೂವಿನ ವಿಮಾನ ಕಟ್ಟಿ ಮೆರೆಸಿ, ಕೂಡ್ರಿಸೇ ಮಣ್ಣು ಮಾಡತಿದ್ವಿ. ಇಲ್ಲಿ ಮ್ಯಾನೇಜರ್ ಹೆಣ್ಮಗಳ ಜೊತಿ ಮಾತಾಡೀನಿ. ಪೂರಾ ಆಗೂದಿಲ್ಲಂತ. ದೊಡ್ಡ ಪೆಟಿಗಿಯಾಗ ಬೆನ್ನ ಹಿಂದ ದಿಂಬು ಕೊಟ್ಟು ಅರ್ಧಾ ಎಬ್ಬಿಸಿದ್ರ ನಡೀತೈತಿ ಅಂದಾಳ. ಹೂಂ ಅನ್ನು, ಬಸು.”

ಬಸವರಾಜ ಹೂಂ ಎನ್ನಲು ಬಾಯಿ ತೆರೆದ.

“ಬ್ಯಾಡ,” ಎಂದಳು ನಿಧಿ.

“ಪದ್ಧತಿ ಐತಿ, ಮಗಳ.”

“ಐ ನೋ, ಅಂಕಲ್. ಆದ್ರ ಅಮ್ಮಗ ಕೂಡಾಕ ಬರ್ತಿರಲಿಲ್ಲ. ಕೂತ್ರ ಅಳ್ತಿದ್ಲು. ಫೋರ್ ಮಂತ್ಸ್ ನಾ ನೋಡೀನಿ. ಪ್ಲೀಸ್, ಲೆಟ್ ಹರ್ ಲೈ ಡೌನ್.”

“ಕಡೀಕ ಹಂಗಾಗಿತ್ತು,” ಎಂದ ಬಸವರಾಜ ಮೆಲ್ಲಗೆ. “ಅದಕ್ಕಿಂತ ಮೊದಲ ಆರಾಮ ಇತ್ತು. ಕಡೇ ಸೆಟ್ ಹಾಕಿದ ಮ್ಯಾಲ—”

“ಅಪ್ಪಾ, ಸ್ಟಾಪ್.” ನಿಧಿಯ ದನಿ ಏರಲಿಲ್ಲ. “ಡಾಕ್ಟರ್ ಏನಂದ್ರು ನಿಮಗ ಗೊತ್ತು. ದ ಕ್ಯಾನ್ಸರ್ ವಾಸ್ ಇನ್ ಹರ್ ಸ್ಪೈನ್. ವರ್ಷದ ಮ್ಯಾಲ ಆಗಿತ್ತು. ಇಟ್ ವಾಸ್ ನೆವರ್ ದ ಕಾರ್.”

ಹೂವು ತಂದಿಡುತ್ತಿದ್ದ ಫ್ಯೂನರಲ್ ಹೋಮ್‌ನ ಹೆಂಗಸು ಬಾಗಿಲಲ್ಲೇ ನಿಂತಳು. ಬಸವರಾಜ ಮಗಳನ್ನು ಬಿಟ್ಟು ದಾಕ್ಷಾಯಣಿಯ ಕಡೆ ತಿರುಗಿದ.

“ವೈನಿ, ನಿಮಗ ಹೇಳಿದ್ದಳಲ್ಲ ಆಕಿ? ಕಡೇ ಸಲ ನಿಮ್ಮ ಮನಿಗೆ ಬಂದಾಗ? ಕಡಿಮಿ ಆಗೇತಿ ಅಂದಿದ್ಲಲ್ಲ?”

ದಾಕ್ಷಾಯಣಿ ಲೀಲಾವತಿಯ ಹಣೆಯ ವಿಭೂತಿ ಸರಿಮಾಡಿದರು. ಅದು ಸರಿಯಾಗಿಯೇ ಇತ್ತು.

“ಗಾಡಿ ಚಲೋ ಆಗೇತಿ ಅಂದಿದ್ಲು, ಬಸವರಾಜ್,” ಎಂದರು ಕೊನೆಗೆ. “ಅಷ್ಟ ಅಂದಿದ್ಲು.”

ಚನ್ನಬಸಪ್ಪ ಕೈಯಲ್ಲಿದ್ದ ದಿಂಬನ್ನು ಕುರ್ಚಿಯ ಮೇಲಿಟ್ಟರು. “ಇಷ್ಟಲಿಂಗ ಅಂಗೈಯಾಗ ಇರಲಿ. ಮಲಗಲಿ ತಾಯಿ,” ಎಂದು ಮೂಗು ಒರೆಸಿಕೊಂಡರು.

*

ಆ ಕೊನೆಯ ಸೆಟ್ ಹಾಕಿದ ಮರುವಾರವೇ ಅವರು ಶುಗರ್ ಲ್ಯಾಂಡ್‌ಗೆ ಹೊರಟಿದ್ದರು. ದಾರಿಯುದ್ದಕ್ಕೂ ಬಸವರಾಜ ಹಾಡಿನಂಥದ್ದೇನನ್ನೋ ಗುನುಗುತ್ತಿದ್ದ. ಗಿಡ್ಡಿಂಗ್ಸ್ ಊರು ದಾಟುವಾಗ ಕೇಳಿದ:

“ಹೆಂಗೈತಿ?”

“ಬಿಸಿ ಅನ್ನದ ಮ್ಯಾಲ ತುಪ್ಪ ಹರದಂಗ ಹೊಂಟೈತಿ,” ಎಂದಳು ಲೀಲಾವತಿ.

ಅಷ್ಟು ಹೇಳಲು ಅವಳು ಒಮ್ಮೆ ಉಸಿರು ಎಳೆದುಕೊಳ್ಳಬೇಕಾಯಿತು. ಹಿಂದಿನ ರಾತ್ರಿ ಎಡಗಾಲು ಮರಗಟ್ಟಿತ್ತು. ಇದು ವಯಸ್ಸಿನದಲ್ಲ ಎಂದು ಈಗ ಅವಳಿಗೆ ಗೊತ್ತಿತ್ತು. ಇವತ್ತು ಹೇಳಿಬಿಡಬೇಕು. ಬ್ರೆನಮ್‌ನಲ್ಲಿ ಪೆಟ್ರೋಲಿಗೆ ನಿಂತಾಗ ಹೇಳಬೇಕು. “ಮುಂದ ನಿಂತಾಗ ಒಂದು ಮಾತು ಹೇಳೂದೈತಿ,” ಎಂದಳು.

ಪೆಟ್ರೋಲ್ ಪಂಪಿನಲ್ಲಿ ಅಗಲ ಹ್ಯಾಟಿನ ಮುದುಕನೊಬ್ಬ ಗಾಡಿಯ ಸುತ್ತ ಒಂದು ಸುತ್ತು ಬಂದು, ಬಗ್ಗಿ ಚಕ್ರದ ಹಿಂದೆ ಇಣುಕಿದ. ಒಳ್ಳೆ ಎತ್ತರ, ತೀರಾ ನೆಲಕ್ಕೆ ತಾಗಿಸಿಲ್ಲ, ಯಾರು ಆರಿಸಿದ್ದು ಎಂದು ಕೇಳಿದ.

“ಮೈ ವೈಫ್,” ಎಂದ ಬಸವರಾಜ. ಕಿಟಕಿಯೊಳಗೆ ಕೂತಿದ್ದ ಅವಳ ಕಡೆ ಕೈ ತೋರಿಸಿದ. “ಶೀ ಚೋಸ್ ಎವೆರಿಥಿಂಗ್.”

ಮುದುಕ ಹ್ಯಾಟು ತೆಗೆದು ಅವಳಿಗೆ ತಲೆಬಾಗಿದ.

ಲೀಲಾವತಿಯ ಐವತ್ತಾರು ವರ್ಷದಲ್ಲಿ ಯಾರೂ ಅವಳನ್ನು ಹೀಗೆ ಇನ್ನೊಬ್ಬರಿಗೆ ತೋರಿಸಿರಲಿಲ್ಲ. ಅವಳು ನೆಟ್ಟಗೆ ಕೂತು, ಕೂದಲು ಸರಿಮಾಡಿಕೊಂಡು, ನಕ್ಕಳು. ಬಸವರಾಜ ಒಳಗೆ ಬಂದು ಕೂತಾಗ ಅವನ ಮುಖ ಹುಡುಗನ ಮುಖದಂತಿತ್ತು. “ಏನೋ ಹೇಳಬೇಕು ಅಂತಿದ್ದೆಲ್ಲ?” ಎಂದ.

“ಏನಿಲ್ಲ. ನಡೀರಿ, ದಾಕ್ಷಿ ಕಾಯ್ತಿರತಾಳ.”

ಬರುವ ವಾರ ಹೇಳಿದರಾಯಿತು ಎಂದುಕೊಂಡಳು.

*

ಪೆಟ್ಟಿಗೆಯನ್ನು ಕಪ್ಪು ವ್ಯಾನಿಗೆ ಏರಿಸಿದರು. ಬಸವರಾಜ ತನ್ನ ಗಾಡಿಯ ಬಾಗಿಲಿಗೆ ಬೀಗದ ಕೈ ಹಾಕಲು ನೋಡಿದ. ಬೀಗದ ಕೈ ಜಾರಿ ಬಣ್ಣದ ಮೇಲೆ ಗೀರು ಎಳೆಯಿತು. ನಿಧಿ ಅದನ್ನು ಅವನ ಬೆರಳುಗಳಿಂದ ಬಿಡಿಸಿಕೊಂಡಳು.

“ನಾ ಡ್ರೈವ್ ಮಾಡ್ತೀನಿ. ಆ ಕಡೆ ಕೂಡ್ರಿ.”

ಅವನು ಬಾನೆಟ್ಟಿನ ಮುಂದಿನಿಂದ ಬಳಸಿ ಬಲಗಡೆಗೆ, ಲೀಲಾವತಿ ಕೂರುತ್ತಿದ್ದ ಕಡೆಗೆ ಹೋದ. ಇಷ್ಟು ವರ್ಷಗಳಲ್ಲಿ ಎಷ್ಟೋ ಸಲ ಈ ಗಾಡಿಯ ಅಡಿಯಲ್ಲಿ ಮಲಗಿದ್ದ. ಈ ಸೀಟಿನಲ್ಲಿ ಒಮ್ಮೆಯೂ ಕೂತಿರಲಿಲ್ಲ. ಕೂತ ಮೇಲೆ ಎಲ್ಲವೂ ಬೇರೆ ಕಂಡಿತು. ಕಾಲಿಗೆ ಸಿಗಲು ಪೆಡಲಿಲ್ಲ, ಕೈಗೆ ಸ್ಟಿಯರಿಂಗ್ ಇಲ್ಲ.

ವ್ಯಾನಿನ ಹಿಂದೆ ನಿಧಿ ನಿಧಾನವಾಗಿ ಬಿಟ್ಟಳು. ಸ್ಮಶಾನದ ದಾರಿ ಊರಾಚೆಯದು. ರಸ್ತೆಯ ಇಕ್ಕೆಲದಲ್ಲಿ ಎರೆಭೂಮಿ ಬಾಯಿಬಿಟ್ಟಿತ್ತು. ಮುಂದೆ ಮೊದಲ ಉಬ್ಬು ಕಂಡಿತು. ಬಸವರಾಜ ಮೈ ಬಿಗಿಹಿಡಿದ.

ಗಾಡಿ ಉಬ್ಬನ್ನು ಏರಿತು, ಇಳಿಯಿತು. ಏನೂ ಆಗಲಿಲ್ಲ. ಎರಡನೆಯದೂ ಹಾಗೇ. ಸೀಟು ಮೆಲ್ಲಗೆ ಮೇಲೆದ್ದು ಮೆಲ್ಲಗೆ ಕೂತಿತು. ರೈಲು ಹಳಿಯ ಮೇಲೆ ಮುಂದಿನ ವ್ಯಾನು ಕುಲುಕಿದ್ದು ಕಂಡಿತು. ಶೆವೆಲ್ ತೇಲಿಕೊಂಡು ದಾಟಿತು. ಅವನು ಹಾಕಿದ್ದೆಲ್ಲ ಸರಿಯಾಗಿತ್ತು. ಎಷ್ಟೋ ಕಾಲದಿಂದ ಸರಿಯಾಗಿತ್ತು. ಇಷ್ಟು ಮೆತ್ತನೆಯ ಜಾಗದಲ್ಲಿ ಕೂತು ಅವಳು...

“ಅಪ್ಪಾ? ಆರ್ ಯು ಓಕೆ?”

ಸ್ಮಶಾನದ ಗೇಟು ಬಂದಾಗ ನಿಧಿ ಬ್ರೇಕ್ ಒತ್ತಿದಳು. ಆಸರೆಗೆಂದು ಅವನ ಬಲಗೈ ಬಾಗಿಲಿಗೆ ಹಚ್ಚಿದ್ದ, ಕೈಯೂರುವ ಮೆತ್ತೆಯ ಅಡಿಗೆ ಹೋಯಿತು. ಬೆರಳಿಗೆ ಏನೋ ಒರಟಾಗಿ ತಾಗಿತು. ಬಗ್ಗಿ ನೋಡಿದ. ಡ್ರೈವರ್ ಸೀಟಿನಿಂದ ಎಂದೂ ಕಾಣದ ಜಾಗ ಅದು. ಅವನೇ ಹೊಸ ರೆಕ್ಸಿನ್ ಹೊದಿಸಿದ ಮೆತ್ತೆಯ ಅಡಿಬದಿಯಲ್ಲಿ ಉಗುರಿನ ಗುರುತುಗಳಿದ್ದವು. ಸಣ್ಣ ಸಣ್ಣ ಅರೆಚಂದ್ರಗಳು, ಒಂದರ ಮೇಲೊಂದು. ಕೆಲವು ಕಡೆ ರೆಕ್ಸಿನ್ ಹರಿದು ಒಳಗಿನ ಹಳದಿ ಫೋಮ್ ಕಾಣುತ್ತಿತ್ತು.

ಹೊರಗೆ ಚನ್ನಬಸಪ್ಪ ಕರೆಯುತ್ತಿದ್ದರು. ನಿಧಿ ಇಳಿದು ಬಂದು ಅವನ ಕಡೆಯ ಬಾಗಿಲು ತೆರೆಯಲು ನಿಂತಳು. ಬಸವರಾಜ ಬಾಗಿಲನ್ನು ಒಳಗಿನಿಂದ ಹಿಡಿದುಕೊಂಡು, ಆ ಗುರುತುಗಳೊಳಗೆ ತನ್ನ ಬೆರಳುಗಳನ್ನು ಒಂದೊಂದಾಗಿ ಇಡಲು ನೋಡುತ್ತಿದ್ದ. ಅವನ ದಪ್ಪ ಬೆರಳುಗಳು ಅವುಗಳಲ್ಲಿ ಕೂರುತ್ತಿರಲಿಲ್ಲ.